ಕರಿ ಬಿಡದ ಮಷೀನು

ಮುಧೋಳದ ಹೊರಗೆ, ಜಮಖಂಡಿ ರಸ್ತೆಯಲ್ಲಿ ಒಂದು ಖಾನಾವಳಿ ಇದೆ. ಅದರ ಮಾಲೀಕರಿಗೆ ಹಳೆಯ ಸಾಮಾನು ಕೂಡಿಡುವ ಹುಚ್ಚು. ಗೋಡೆಯ ತುಂಬ ಕಂದೀಲು, ಹಿತ್ತಾಳೆಯ ಕೊಡ, ಮಗ್ಗದ ಲಾಳಿ, ಎತ್ತಿನ ಕೊರಳ ಗೆಜ್ಜೆ. ಇವೆಲ್ಲದರ ನಡುವೆ, ಕೈ ತೊಳೆಯುವ ನಳದ ಮೇಲುಗಡೆ, ಒಂದು ಹಲಗೆಯ ಮೇಲೆ ನಮ್ಮ ಮನೆಯ ಹೂರಣದ ಮಷೀನನ್ನು ನಿಲ್ಲಿಸಿದ್ದಾರೆ. ಮೇಲೆ ಅಗಲವಾದ ಬಾಯಿ, ಒಳಗೆ ಸುರುಳಿ, ಮುಂದೆ ತೂತಿನ ಬಿಲ್ಲೆ, ಹಿಂದೆ ತಿರುವುವ ಹಿಡಿಕೆ. ಹೊಟ್ಟೆಯ ಮೇಲೆ ಉಬ್ಬಿದ ಬಿಲ್ವಪತ್ರೆಯ ಮೂರು ಎಲೆ, ಅದು ನಮ್ಮಜ್ಜನ ಗುರುತು. ಕೆಳಗೆ ಒಂದು ಚೀಟಿ ಅಂಟಿಸಿದ್ದಾರೆ. ರಬಕವಿಯ ಎರಕದ ಉಸ್ತಾದರೊಬ್ಬರು ತಯಾರಿಸಿದ ಕೈಮಷೀನು ಇದು, ಇದರ ಕಬ್ಬಿಣದಲ್ಲಿ ಅವರು ಗುಟ್ಟಿನ ಪುಡಿಯೊಂದನ್ನು ಬೆರೆಸುತ್ತಿದ್ದರು, ಹಾಗಾಗಿ ಎಷ್ಟು ಅರೆದರೂ ಹೂರಣ ಕಪ್ಪಾಗುತ್ತಿರಲಿಲ್ಲ, ಆ ಗುಟ್ಟು ಅವರೊಂದಿಗೇ ಹೋಯಿತು ಎಂದು ಬರೆದಿದೆ. ಮಾಲೀಕರ ತಪ್ಪೇನಿಲ್ಲ. ಅವರು ಫೋನು ಮಾಡಿ ಕೇಳಿದ್ದರು, ನಮ್ಮಪ್ಪ ಹೇಳಿದ್ದ. ಆದರೆ ಗುಟ್ಟು ಎಲ್ಲಿಗೂ ಹೋಗಿಲ್ಲ. ಅದು ನಮ್ಮ ಮನೆಯಲ್ಲೇ ಇದೆ, ಬಲಗೈ ಎತ್ತಲಾರದೆ ಕೂತಿದೆ.

ರಬಕವಿಯ ನಮ್ಮ ಮನೆ ಉದ್ದಕ್ಕೆ ಒಂದರ ಹಿಂದೊಂದು ಕೋಣೆಗಳಿದ್ದ ಮನೆ. ಮುಂದೆ ಪಡಸಾಲೆ, ನಡುವೆ ಕಾಳುಕಡಿ ಇಡುವ ಕತ್ತಲೆಕೋಣೆ, ಆಮೇಲೆ ಅಡುಗೆಮನೆ, ಅದರ ಹಿಂದೆ ಹಿತ್ತಲು. ಹಿತ್ತಲಿನ ಆ ತುದಿಗೆ ತಗಡಿನ ಭಟ್ಟಿ. ಸುತ್ತಲಿನ ಮನೆಗಳಲ್ಲೆಲ್ಲ ಮಗ್ಗ. ದಿನವಿಡೀ ಖಟಖಟ ಸದ್ದು. ಅಜ್ಜ ಮೊದಲು ಮಗ್ಗದ ಗಾಲಿ, ಹಲ್ಲಿನ ಚಕ್ರಗಳನ್ನು ಎರಕ ಹೊಯ್ಯುತ್ತಿದ್ದನಂತೆ. ಇಚಲಕರಂಜಿಯಲ್ಲಿ ಯಾರದೋ ಮನೆಯಲ್ಲಿ ಹೂರಣ ಅರೆಯುವ ಕೈಮಷೀನು ನೋಡಿ ಬಂದು, ಅದರಂಥದನ್ನು ತಾನೇ ಮಾಡಿದ. ಅಲ್ಲಿಂದ ಮುಂದೆ ಅವನು ಊರಿಗೆಲ್ಲ ಮಷೀನಿನ ಅಜ್ಜ. ಅಪ್ಪ ಅವನ ಕೈಕೆಳಗೆ ಮರಳು ತುಳಿಯುವವ, ಅಚ್ಚು ಕಟ್ಟುವವ, ಬೈಸಿಕೊಳ್ಳುವವ. ಮಾತು ಕಡಿಮೆ. ಕಬ್ಬಿಣ ಕರಗಿಸುವ ದಿನ ಹೆಂಗಸರು ಭಟ್ಟಿಯ ಹೊಸ್ತಿಲು ದಾಟುವ ಹಾಗಿರಲಿಲ್ಲ, ದಾಟಿದರೆ ಎರಕ ಒಡೆಯುತ್ತದೆ ಎಂಬುದು ಅಜ್ಜನ ಕಟ್ಟಳೆ. ಅವ್ವ ಅವರ ಊಟವನ್ನು ಬುಟ್ಟಿಯಲ್ಲಿಟ್ಟು ಹೊಸ್ತಿಲ ಈಚೆ ಇಟ್ಟು ಬರುತ್ತಿದ್ದಳು. ಕೆಂಪಗೆ ಕರಗಿದ ಕಬ್ಬಿಣ ಹೇಗಿರುತ್ತದೆ ಎಂದು ಅವಳು ಒಂದು ದಿನವೂ ನೋಡಲಿಲ್ಲ.

ಆದರೆ ಹೊರಗೆ ಬಂದ ಮೇಲೆ ಆ ಕಬ್ಬಿಣವೆಲ್ಲ ಅವಳ ಪಾಲಿಗೇ. ಹೊಸ ಎರಕದ ಮಷೀನಿನಲ್ಲಿ ಏನೇ ಹಾಕಿ ತಿರುವಿದರೂ ಕಾಡಿಗೆಯಂಥ ಕರಿ ಬರುತ್ತದೆ. ಸುರುಳಿಯ ಮೈಯಲ್ಲಿ ಮರಳು ಕಚ್ಚಿಕೊಂಡಿರುತ್ತದೆ, ಬಿಲ್ಲೆಯ ತೂತುಗಳಲ್ಲಿ ಚೂಪು ಇರುತ್ತದೆ. ಅದನ್ನು ಪಳಗಿಸಬೇಕು. ಅವ್ವ ಅಡುಗೆಮನೆಯ ಮೂಲೆಯಲ್ಲಿ ಒಂದು ದಪ್ಪ ಹಲಗೆಗೆ ಮಷೀನು ಬಿಗಿದು, ಹಲಗೆಯ ಮೇಲೆ ತಾನೇ ಕೂತು, ನೆನೆಸಿದ ಜೋಳ ಮತ್ತು ಹರಳುಪ್ಪು ಹಾಕಿ ತಿರುವುತ್ತಿದ್ದಳು. ಮೊದಲ ಸುತ್ತಿಗೆ ಕರೀ ರಾಡಿ. ಅದನ್ನು ಕೋಳಿ ಕೂಡ ಮೂಸುತ್ತಿರಲಿಲ್ಲ. ಮತ್ತೆ ಜೋಳ, ಮತ್ತೆ ಉಪ್ಪು. ಹೊತ್ತು ಏರಿದ ಹಾಗೆ ಕರಿ ಬೂದಿಯಾಗುತ್ತಿತ್ತು, ಬೂದಿ ಮಾಸಲಾಗುತ್ತಿತ್ತು. ಕೊನೆಗೆ ಬಿಸಿನೀರಿನಲ್ಲಿ ತೊಳೆದು, ಕುಸುಬಿ ಎಣ್ಣೆ ಸವರಿ, ಒಂದು ಹಿಡಿ ಅನ್ನ ಹಾಕಿ ತಿರುವುವುದು. ಅನ್ನ ಬೆಳ್ಳಗೆ ಬಂದರೆ ಮಷೀನು ಪಳಗಿತು. ಅವಳ ಗಟ್ಟಿ ಕೈಗೆ ಒಂದು ಮಷೀನಿಗೆ ಅರ್ಧ ದಿನ ಬೇಕಾಗುತ್ತಿತ್ತು. ಬೆಳಿಗ್ಗೆ ಮೂವತ್ತು ರೊಟ್ಟಿ ಬಡಿದು, ನೀರು ತುಂಬಿ, ಬಟ್ಟೆ ಒಗೆದು ಆದ ಮೇಲಿನ ಅರ್ಧ ದಿನ ಅದು.

ಆ ಬಿಳಿ ಅನ್ನದ ಉಂಡೆಯನ್ನು ಅಜ್ಜ ಅಂಗೈಯಲ್ಲಿ ಹಿಡಿದು ಪಡಸಾಲೆಗೆ ಹೋಗುತ್ತಿದ್ದ. ಕೊಳ್ಳಲು ಬಂದವರ ಮುಂದೆ ಚಾಚುತ್ತಿದ್ದ.

“ನೋಡ್ರಿ, ಕಣ್ಣಾರೆ ನೋಡ್ರಿ. ಬ್ಯಾರೇದವರ ಮಷೀನ ಆರ ತಿಂಗಳ ಕರಿ ಬಿಡತಾವು. ನಮ್ಮ ಕಬ್ಬಿಣ ಕರಿ ಬಿಡೂದಿಲ್ಲ. ಯಾಕಂತ ಕೇಳಬ್ಯಾಡ್ರಿ, ಅದು ಭಟ್ಟಿಯೊಳಗಿನ ಮಾತು.”

ಭಟ್ಟಿಯೊಳಗಿನ ಮಾತೆಂದರೆ ಒಂದು ಸಣ್ಣ ಪೊಟ್ಟಣ. ಕರಗಿದ ಕಬ್ಬಿಣಕ್ಕೆ ಅವನು ಕಣ್ಣು ಮುಚ್ಚಿ ಅದನ್ನು ಎಸೆಯುತ್ತಿದ್ದನಂತೆ. ಅದರಲ್ಲಿ ಏನಿತ್ತು ಎಂದು ನಾನು ದೊಡ್ಡವಳಾದ ಮೇಲೆ ಅಪ್ಪನನ್ನು ಕೇಳಿದೆ. ವಿಭೂತಿ ಎಂದ. ಅಜ್ಜನಿಗೆ ತನ್ನ ಮಾತಿನಲ್ಲಿ ನಂಬಿಕೆ ಇತ್ತೋ ಇಲ್ಲವೋ, ಇಂದಿಗೂ ನನಗೆ ತಿಳಿಯದು. ಅಡುಗೆಮನೆಯಲ್ಲಿ ದಿನಾ ಕರಗುತ್ತಿದ್ದ ಸೇರುಗಟ್ಟಲೆ ಜೋಳ ಅವನ ಕಣ್ಣಿಗೆ ಬೀಳದೇ ಇರಲು ಸಾಧ್ಯವಿಲ್ಲ. ಆದರೆ ಅದು ಅವನಿಗೆ ಪಾತ್ರೆ ತಿಕ್ಕುವ ಲೆಕ್ಕದ ಕೆಲಸ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೆಸರಾದ ಕೈ ಒಬ್ಬರದು, ಮೊಸರಾದ ಬಾಯಿ ಇನ್ನೊಬ್ಬರದು.

ನಾನು ಏಳನೆಯ ಇಯತ್ತೆಗೆ ಬರುವ ಹೊತ್ತಿಗೆ ಮಷೀನಿನ ಬೇಡಿಕೆ ಒಮ್ಮೆಲೆ ಏರಿತು. ಆಲಮಟ್ಟಿಯ ಹಿನ್ನೀರು ಬೀಳಗಿ ಕಡೆಯ ಊರುಗಳಿಗೆ ಬರುವುದಿತ್ತು. ಜನ ಬಾಗಿಲು, ತೊಲೆ, ಹೆಂಚು ಬಿಚ್ಚಿಕೊಂಡು ಹೊಸ ಊರುಗಳಿಗೆ ಏಳುತ್ತಿದ್ದರು. ಎಲ್ಲವನ್ನೂ ಕಿತ್ತು ಒಯ್ಯಬಹುದು, ಹೂರಣ ಅರೆಯುವ, ನೆಲದಲ್ಲಿ ಹುಗಿದ ಒಳಕಲ್ಲನ್ನು ಒಯ್ಯುವುದು ಕಷ್ಟ. ಅದೂ ಅಲ್ಲದೆ ಮದುವೆಯಾದ ಗಂಡುಮಕ್ಕಳಿಗೆ ಬೇರೆ ಬೇರೆ ಜಾಗ ಸಿಕ್ಕು, ಒಂದು ಒಲೆ ಇದ್ದಲ್ಲಿ ಮೂರು ಒಲೆಯಾಗುತ್ತಿದ್ದವು. ಒಂದು ಕಲ್ಲು ನೀರಿಗೆ ಹೋದರೆ ನಮಗೆ ಮೂರು ಮಷೀನಿನ ಗಿರಾಕಿ. ಮನೆ ಕಳೆದುಕೊಂಡವರು ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಅಳುತ್ತಿದ್ದರು, ಅಜ್ಜ ಅನ್ನದ ಉಂಡೆ ಹಿಡಿದು ನಿಲ್ಲುತ್ತಿದ್ದ. ನಾನೂ ಆ ದಿನಗಳಲ್ಲಿ ಹೊಸ ಲಂಗ ಉಟ್ಟೆ. ಅದು ಯಾವ ನೀರಿನ ದುಡ್ಡು ಎಂದು ಕೇಳುವ ಬುದ್ಧಿ ಆಗ ಇರಲಿಲ್ಲ.

ಅವ್ವನ ರಟ್ಟೆ ಮೊದಲು ಬರೀ ನೋಯುತ್ತಿತ್ತು. ಎಕ್ಕೆಯ ಎಲೆ ಕಾಸಿ ಕಟ್ಟಿಕೊಳ್ಳುತ್ತಿದ್ದಳು. ಆಮೇಲೆ ಮೇಲಿನ ಸಾಲಿನ ಡಬ್ಬಿಗೆ ಕೈ ಎಟುಕದಾಯಿತು. ಬೀಳಗಿ ಕಡೆಯವರೊಬ್ಬರು, ಮೂವರು ಅಣ್ಣತಮ್ಮಂದಿರ ಹೊಸ ಮನೆಗಳ ವಾಸ್ತುಶಾಂತಿಗೆಂದು ಮೂರು ಮಷೀನು ಹೇಳಿ ಹೋದ ದಿನ, ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಪಡಸಾಲೆಯ ಬಾಗಿಲಿಗೆ ಬಂದು ನಿಂತಳು. ಅವಳು ಅಜ್ಜನ ಎದುರು ನಿಂತು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಮಾವಾರ, ನನ್ನ ರಟ್ಟಿ ಜಮಖಂಡಿ ಡಾಕ್ಟರಗ ತೋರಸ್ರಿ. ಮತ್ತ ಮಷೀನ ತಿರುವಾಕ ಒಬ್ಬ ಹೆಣ್ಣಾಳ ಇಡ್ರಿ. ನನ್ನ ಕಡಿಂದ ಆಗವಲ್ದು.”

“ರೊಟ್ಟಿ ಬಡಿಯೂ ಕೈಗಿ ಹಿಡಿಕಿ ತಿರುವೂದೇನ ಭಾರಾತು? ಆಳಿನ ಕೈಯಾಗ ಕೊಟ್ರ ಭಟ್ಟಿ ಮಾತು ಊರ ತುಂಬ ಆಗತೈತಿ.”

“ಭಟ್ಟಿ ಮಾತ ಅಲ್ಲರಿ ಅದು, ಒಲಿ ಮುಂದಿನ ಮಾತು. ತೋರಿಸೂತನಾ ನಾ ಹಿಡಿಕಿ ಮುಟ್ಟೂದಿಲ್ಲರಿ.”

ಅಜ್ಜ ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದ. ಅಜ್ಜ ನಕ್ಕು, ಕಂಬದ ಹಿಂದೆ ನಿಂತಿದ್ದ ನನ್ನ ಕಡೆ ಕೈಮಾಡಿದ.

“ಆಳ ಯಾಕ ಬೇಕು? ಇನ್ನೊಂದ ವರ್ಷಕ್ಕ ಮನ್ಯಾಗ ಮತ್ತ ಎರಡ ಕೈ ತಯಾರ ಆಗತಾವು. ಅಲ್ಲೇನ ಬೇ ಸುಮ್ಮೀ?”

ನನಗೆ ಹಿಗ್ಗಾಯಿತು. ಅಜ್ಜ ನನ್ನನ್ನು ಲೆಕ್ಕಕ್ಕೆ ಹಿಡಿದದ್ದೇ ಕಡಿಮೆ. ಗಂಡುಮೊಮ್ಮಗ ಹುಟ್ಟಲಿಲ್ಲ ಎಂಬ ಸಿಟ್ಟನ್ನು ಅವನು ಮುಚ್ಚಿಟ್ಟವನಲ್ಲ. ಅವನ ಬಾಯಿಂದ ಒಂದು ಸಲ ಭಲೇ ಅನ್ನಿಸಿಕೊಳ್ಳಬೇಕು ಎಂದು ಎಷ್ಟು ಒದ್ದಾಡುತ್ತಿದ್ದೆನೆಂದರೆ, ಪರೀಕ್ಷೆಯ ಗುಣಪಟ್ಟಿಯನ್ನು ಅಪ್ಪನಿಗಿಂತ ಮೊದಲು ಅವನ ಮುಂದೆ ಹಿಡಿಯುತ್ತಿದ್ದೆ. ಅವನು ಓದಲು ಬಾರದೆ ವಾಪಸು ಕೊಡುತ್ತಿದ್ದ. ಅವ್ವ ಆ ದಿನ ಒಳಗೆ ಹೋದಳು. ಎರಕವಾಗಿ ಪಳಗಿಸಲು ಕಾದಿದ್ದ ಮೂರು ಮಷೀನುಗಳನ್ನು ಎಡಗೈಯಿಂದ ಒಂದೊಂದಾಗಿ ಎತ್ತಿ ತಂದು ಪಡಸಾಲೆಯ ಗೋಡೆಗೆ ಸಾಲಾಗಿ ಇಟ್ಟಳು. ಎಂಟು ದಿನ ಅವು ಅಲ್ಲೇ ಇದ್ದವು. ಊಟದ ಹೊತ್ತಿನಲ್ಲಿ ಅಜ್ಜ ಪಲ್ಯದಲ್ಲಿ ಉಪ್ಪು ಹೆಚ್ಚಾಯಿತೆಂದು ತಾಟು ಸರಿಸುತ್ತಿದ್ದ.

ಒಂಬತ್ತನೆಯ ದಿನ ಹಿಪ್ಪರಗಿಯಿಂದ ಸುದ್ದಿ ಬಂತು, ಅಮ್ಮನಿಗೆ, ಅಂದರೆ ಅವ್ವನ ತಾಯಿಗೆ, ಜ್ವರ. ಅವ್ವ ತವರಿಗೆ ಹೋದಳು. ಸಾಲೆ ತಪ್ಪುತ್ತದೆಂದು ನನ್ನನ್ನು ಬಿಟ್ಟು ಹೋದಳು. ಮಾರನೆಯ ದಿನವೇ ಅಜ್ಜ, ಅಪ್ಪ ಬೀಡುಕಬ್ಬಿಣ ತರಲು ಕೊಲ್ಹಾಪುರದ ಕಡೆ ಹೊರಟರು. ನನ್ನ ಊಟ, ಮಲಗುವುದು ಎಲ್ಲ ಬಾಜೂಮನೆಯ ಕಸ್ತೂರಕ್ಕನ ಹತ್ತಿರ. ಬೆಳಿಗ್ಗೆ ಪಾಟಿಚೀಲ ಹಾಕಿಕೊಂಡು ಅವಳ ಮನೆಯಿಂದ ಹೊರಟವಳು, ಓಣಿ ಸುತ್ತಿ ಹಿತ್ತಲ ಬಾಗಿಲಿನಿಂದ ನಮ್ಮ ಮನೆಗೆ ಬಂದೆ. ಹಲಗೆಗೆ ಮಷೀನು ಬಿಗಿದೆ. ಜೋಳ ನೆನೆಹಾಕಿದೆ. ಅವ್ವ ಕೂರುವ ಹಾಗೆಯೇ ಹಲಗೆಯ ಮೇಲೆ ಕೂತೆ. ಮಗ್ಗಗಳ ಸದ್ದಿನಲ್ಲಿ ನನ್ನ ಮಷೀನಿನ ಸದ್ದು ಯಾರಿಗೂ ಕೇಳಲಿಲ್ಲ.

ಮೂರು ದಿನ, ಮೂರು ಮಷೀನು. ಮೊದಲ ದಿನ ಮಧ್ಯಾಹ್ನಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದವು. ಎರಡನೆಯ ದಿನ ಅವು ಒಡೆದು ಉಪ್ಪು ತಾಗಿ ಉರಿದವು. ಎರಡೂ ಕೈಯಿಂದ ಹಿಡಿಕೆ ಹಿಡಿದು, ಅಳುತ್ತ, ಅಜ್ಜ ಬಂದು ಏನನ್ನುತ್ತಾನೆ ಎಂದು ಎಣಿಸುತ್ತ ತಿರುವಿದೆ. ಖರೆ ಹೇಳಬೇಕೆಂದರೆ ಅವ್ವನ ರಟ್ಟೆಯ ನೆನಪು ಒಂದು ಸಲವೂ ಬರಲಿಲ್ಲ. ಅವಳು ಹಟ ಹಿಡಿದು ಕೂತಿದ್ದಾಳೆ, ನಾನು ಅದನ್ನು ಮುರಿಯುತ್ತಿದ್ದೇನೆ ಎಂಬುದು ತಿಳಿಯದಷ್ಟು ಚಿಕ್ಕವಳೇನೂ ಆಗಿರಲಿಲ್ಲ. ತಿಳಿದೇ ಮಾಡಿದೆ. ಮೂರನೆಯ ದಿನ ಸಂಜೆ ಕೊನೆಯ ಮಷೀನಿನಿಂದ ಅನ್ನ ಬೆಳ್ಳಗೆ ಬಂತು. ಮೂರು ಉಂಡೆ ಕಟ್ಟಿ ತಾಟಿನಲ್ಲಿಟ್ಟು, ಮೂರೂ ಮಷೀನು ತೊಳೆದು ಪಡಸಾಲೆಯಲ್ಲಿ ಮೊದಲಿನ ಹಾಗೆ ಸಾಲಾಗಿಟ್ಟೆ.

ಅವ್ವ ಅಷ್ಟರಲ್ಲಿ ಬಂದುಬಿಟ್ಟಳು. ಕಂಕುಳಲ್ಲಿ ಗಂಟು ಹಾಗೆಯೇ ಇತ್ತು. ಮಷೀನು ನೋಡಿದಳು, ಜೋಳದ ಡಬ್ಬಿಯ ಮುಚ್ಚಳ ತೆಗೆದು ತಳ ನೋಡಿದಳು, ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿದಳು. ಬಯ್ಯಲಿಲ್ಲ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ, ಹಳೆಯ ಧೋತರದ ಚೂರು ಸುತ್ತಿದಳು. ಸ್ವಲ್ಪ ಹೊತ್ತಿಗೆ ಅಜ್ಜ, ಅಪ್ಪ ಬಂದರು. ಅಜ್ಜ ಚಪ್ಪಲಿ ಬಿಡುವ ಮೊದಲೇ ತಾಟಿನಲ್ಲಿದ್ದ ಅನ್ನ ನೋಡಿದ. ನಾನು ಬಾಯಿ ತೆರೆದೆ. ಅವ್ವ ನನ್ನನ್ನು ಹಿಂದೆ ತಳ್ಳಿ ಮುಂದೆ ಬಂದಳು.

“ನಾನ ಮಾಡೀನ್ರಿ ಮಾವಾರ. ನಿನ್ನೇನ ಬಂದ್ನಿ, ಕುಂತ ಮುಗಿಸಿದ್ನಿ.”

“ಕಡೀಕ ಬುದ್ಧಿ ಬಂತು ಅನ್ನು. ಅದರ ಕೈಗಿ ಏನಾಗೇತಿ, ಬಟ್ಟಿ ಸುತ್ತೀದಿ?”

“ಒಲ್ಯಾಗಿನ ಕೊಳ್ಳಿ ಹಿಡದಾಳ್ರಿ. ಸುಟಗೊಂಡಾಳ.”

ಅಜ್ಜ ಒಂದು ಉಂಡೆ ಎತ್ತಿ ದೀಪಕ್ಕೆ ಹಿಡಿದು ನೋಡಿದ.

“ಭಲೇ ನೀಲವ್ವ! ಹಾಲಿನಂಗ ಐತಿ. ಎಂದೂ ಹಿಂಗ ಬಂದಿದ್ದಿಲ್ಲ.”

ನನ್ನ ಭಲೇ ಅವ್ವನಿಗೆ ಹೋಯಿತು. ನಾನು ಅಡುಗೆಮನೆಗೆ ಹೋಗಿ, ಸುತ್ತಿದ್ದ ಬಟ್ಟೆ ಕಿತ್ತು ಅವಳ ಮೈಮೇಲೆ ಎಸೆದೆ. ಕಳ್ಳಿ ಅಂದೆ. ಅಜ್ಜನಿಗೆ ಖರೆ ಹೇಳಿಬಿಡುತ್ತೇನೆ ಅಂದೆ. ಅವಳು ನನ್ನ ಬಾಯಿ ಮುಚ್ಚಿ ಹಿಡಿದಳು, ಬಿಡಲಿಲ್ಲ. ಹೇಳಿದರೆ ನೀ ನನ್ನ ಮಗಳೇ ಅಲ್ಲ, ಹಿಪ್ಪರಗಿಯ ಹೊಳೆಗೆ ಹಾರುತ್ತೇನೆ ಎಂದು ದೇವರ ಗೂಡಿನ ಮೇಲೆ ನನ್ನ ಕೈ ಇಡಿಸಿ ಆಣೆ ಮಾಡಿಸಿಕೊಂಡಳು. ಮೂರು ಉಂಡೆ ಅನ್ನದ ಹೆಸರಿಗಾಗಿ ಇಷ್ಟು ಆಸೆಬುರುಕಿಯೇ ನಮ್ಮವ್ವ ಎಂದು ನನಗೆ ಅಸಹ್ಯವಾಯಿತು. ಮಾರನೆಯ ದಿನದಿಂದ ಅವಳು ಮತ್ತೆ ಹಲಗೆಯ ಮೇಲೆ ಕೂತಳು. ಡಾಕ್ಟರನ ಮಾತು ಎತ್ತಲಿಲ್ಲ. ಎತ್ತುವ ಹಾಗೂ ಇರಲಿಲ್ಲ, ನೋವಿದ್ದರೆ ಮೂರು ಮಷೀನು ಹೇಗೆ ಮುಗಿಸಿದಿ ಎಂದು ಅಜ್ಜ ಕೇಳುತ್ತಿದ್ದ.

ಆ ಸಿಟ್ಟನ್ನು ನಾನು ಬಿಡಲಿಲ್ಲ. ಸಾಕಿದೆ. ಏಳು ಮುಗಿಸಿ ಹೈಸ್ಕೂಲಿಗೆ ಹೋದೆ, ಆಮೇಲೆ ಜಮಖಂಡಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿದೆ. ಅಜ್ಜ ನನ್ನ ಓದಿಗೆ ಗೊಣಗಿದಾಗಲೆಲ್ಲ ಅವ್ವ ಒಂದೇ ಮಾತು ಹೇಳುತ್ತಿದ್ದಳು, ಆಕಿಗಿ ಮನಿಕೆಲಸ ಏನೂ ಬರೂದಿಲ್ಲರಿ, ಕೈ ಸುಟಗೊಳ್ಳೂದೊಂದ ಗೊತ್ತು. ಬೇರೆಯವರ ಮುಂದೆ ನನ್ನನ್ನು ದಡ್ಡಿ ಮಾಡುತ್ತಾಳೆ ಎಂದು ಅದಕ್ಕೂ ಸಿಟ್ಟು. ನಾನು ಕಾಲೇಜಿನಲ್ಲಿದ್ದಾಗ ಒಂದು ಬೆಳಿಗ್ಗೆ ಅವಳು ತಲೆ ಬಾಚುವ ಹಣಿಗೆ ಹಿಡಿದು ನನ್ನ ಹತ್ತಿರ ಬಂದಳು. ಬಲಗೈ ಕಿವಿಯವರೆಗೂ ಏಳುತ್ತಿರಲಿಲ್ಲ.

“ಸುಮ್ಮೀ, ಇದೊಂದ ತುರುಬ ಕಟ್ಟ ಬಾರವ್ವ.”

“ಒಬ್ಬಾಕಿನ ಕುಂತ ಮೂರ ಮಷೀನ ತಿರುವಿದಾಕಿ ನೀನು. ತುರುಬ ಕಟ್ಟಿಕೊಳ್ಳಾಕ ಆಗೂದಿಲ್ಲೇನು?”

ಅವಳು ಹಣಿಗೆ ಹಿಡಿದುಕೊಂಡು ಕಸ್ತೂರಕ್ಕನ ಮನೆಗೆ ಹೋದಳು. ಮತ್ತೆಂದೂ ನನ್ನನ್ನು ಕೇಳಲಿಲ್ಲ.

ಮುಂದಿನದು ಬೇಗ ಮುಗಿಯಿತು. ಆ ಕೈ ಪೂರ್ತಿ ನಿಂತಾಗ ಮಷೀನುಗಳು ಭಟ್ಟಿಯಿಂದ ನೇರ ಗಿರಾಕಿಗಳ ಮನೆಗೆ ಹೋದವು. ರನ್ನ ಬೆಳಗಲಿಯ ಒಂದು ಸೀಮಂತದಲ್ಲಿ ಹೋಳಿಗೆ ಹರಿದರೆ ಒಳಗೆ ಹುಗ್ಗಿ ಹತ್ತಿದ ಪಾತ್ರೆಯ ತಳದಂಥ ಹೂರಣ. ಅವರು ಮಷೀನನ್ನು ಚೀಲದಲ್ಲಿ ಹಾಕಿ ತಂದು ನಮ್ಮ ಕಟ್ಟೆಯ ಮೇಲೆ ಒಗೆದು ಹೋದರು. ಆಮೇಲೆ ಇನ್ನೂ ನಾಲ್ಕು ಬಂದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಜ್ಜ ಮೊದಲು ಕಲ್ಲಿದ್ದಲನ್ನು ಬೈದ, ಆಮೇಲೆ ಮರಳನ್ನು, ಕೊನೆಗೆ ಯಾರೋ ಹೆಂಗಸು ಹೊಸ್ತಿಲು ದಾಟಿದ್ದಾಳೆ ಎಂದ. ಎಲ್ಲವನ್ನೂ ಅನುಮಾನಿಸಿದ, ಹಲಗೆಯ ಮೇಲೆ ಯಾರೂ ಕೂತಿಲ್ಲ ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಅಷ್ಟರಲ್ಲಿ ಮನೆಮನೆಗೆ ಮಿಕ್ಸರ್ ಬಂದಿತ್ತು. ಅಜ್ಜ ಸತ್ತ ವರ್ಷವೇ ಅಪ್ಪ ಭಟ್ಟಿ ಕೆಡವಿ, ಆ ಜಾಗವನ್ನು ಮಗ್ಗದವರಿಗೆ ಬಾಡಿಗೆಗೆ ಕೊಟ್ಟ. ನಾನು ಜಮಖಂಡಿಯಲ್ಲಿ ಸಾಲೆಯ ಮಾಸ್ತರಿಣಿಯಾದೆ. ಹಬ್ಬಕ್ಕೆ ರಬಕವಿಗೆ ಹೋಗುತ್ತಿದ್ದೆ, ಅವ್ವನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದೆ.

ಮೊನ್ನೆ ಮುಧೋಳದ ಮದುವೆಯೊಂದಕ್ಕೆ ಹೋಗಿ ಬರುವಾಗ ಆ ಖಾನಾವಳಿಗೆ ಅವಳನ್ನು ಕರೆದುಕೊಂಡು ಹೋದದ್ದು, ಮಷೀನು ತೋರಿಸಲೆಂದೇ. ಅದರಲ್ಲೂ ಒಂದಿಷ್ಟು ಚುಚ್ಚುವ ಆಸೆ ಇತ್ತು, ಇಲ್ಲ ಎನ್ನಲಾರೆ. ಅವ್ವ ಮೊಣಕೈಯನ್ನು ಟೇಬಲ್ಲಿಗೆ ಊರಿ ಉಣ್ಣುತ್ತಾಳೆ. ಕೈ ಮೇಲೆ ಬರುವುದಿಲ್ಲ, ತಲೆಯೇ ತುತ್ತಿನ ಕಡೆ ಬಗ್ಗುತ್ತದೆ. ಉಂಡಾದ ಮೇಲೆ ನಳದ ಹತ್ತಿರ ನಿಂತು ನಾನು ಚೀಟಿಯನ್ನು ಜೋರಾಗಿ ಓದಿದೆ. ಗುಟ್ಟಿನ ಪುಡಿ ಎಂಬಲ್ಲಿ ಅವಳು ನಕ್ಕಳು.

“ನಗು. ಅಜ್ಜ ನಿನ್ನ ಹೆಸರ ಕದ್ದ, ನೀ ನನ್ನ ಹೆಸರ ಕದ್ದಿ. ಮೂರ ಉಂಡಿ ಅನ್ನಕ್ಕ.”

ಇಷ್ಟು ವರ್ಷಗಳ ಮೇಲೆ ಆ ಮಾತು ನನ್ನ ಬಾಯಿಂದ ಹೊರಗೆ ಬಿತ್ತು. ಅವ್ವನ ನಗು ನಿಂತಿತು. ಅವಳು ಮಷೀನಿನ ಹಿಡಿಕೆಯನ್ನು ಎಡಗೈಯಿಂದ ಮುಟ್ಟಿದಳು.

“ಇನ್ನೂ ಅದನ್ನ ಹಿಡಕೊಂಡ ಕುಂತೀಯೇನ ಬೇ? ಅವತ್ತ ನಿಮ್ಮಜ್ಜ ಏನಂದಿದ್ದ? ಮನ್ಯಾಗ ಎರಡ ಕೈ ತಯಾರ ಆಗತಾವು ಅಂದಿದ್ದ. ನಿನ್ನ ಬೊಬ್ಬಿ ಅವಗ ಕಂಡಿದ್ರ ಮರದಿನ ನಿನ್ನ ಪಾಟಿಚೀಲ ಗೂಟಕ್ಕ ಇರತಿತ್ತು. ನಾ ಕುಂತ ಹಲಗಿ ಮ್ಯಾಲ ನೀ ಕುಂದ್ರತಿದ್ದಿ.”

“ಮತ್ತ ನನಗ ಹೇಳಲಿಲ್ಲ?”

“ಹೇಳಿದ್ರ ನೀ ಸುಮ್ಮನ ಇರತಿದ್ದೇನು? ಅಜ್ಜನ ಮಗಳಾಗಿದ್ದಿ ನೀ ಆಗ. ಅವ ಭಲೇ ಅಂತಾನಂದ್ರ ಸಾಲಿನೂ ಬಿಡತಿದ್ದಿ.”

ಅದು ನಿಜ. ಬಿಡುತ್ತಿದ್ದೆ, ಕುಣಿಯುತ್ತ ಬಿಡುತ್ತಿದ್ದೆ. ಅವಳ ಬಲಗೈಗೆ ಉಳಿದಿದ್ದ ಒಂದೇ ದಾರಿ ಆ ಹಟ. ಅದನ್ನು ಮುರಿದವಳು ನಾನು. ಮುರಿದದ್ದನ್ನು ತನ್ನ ಸೋಲೆಂದು ಒಪ್ಪಿಕೊಂಡು, ನನ್ನನ್ನು ಹೈಸ್ಕೂಲಿಗೆ ಕಳಿಸಿ, ಮತ್ತೆ ಹಿಡಿಕೆ ಹಿಡಿದವಳು ಅವಳು. ಅವ್ವ ನಳ ತಿರುಗಿಸಲು ಬಗ್ಗಿದಾಗ ತುರುಬು ಬಿಚ್ಚಿ ಕೂದಲೆಲ್ಲ ಹೆಗಲ ಮೇಲೆ ಬಿತ್ತು. ಅವಳು ಎಡಗೈಯಿಂದಲೇ ಅದನ್ನು ಕೂಡಿಸಲು ಹೊರಟಳು. ನಾನು ಎರಡೂ ಕೈ ಮುಂದೆ ಮಾಡಿದೆ, ಅವಳ ಕೂದಲು ಹಿಡಿಯಲಿಕ್ಕೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಸಿಟ್ಟಿನಿಂದಲ್ಲ, ಬರೀ ರೂಢಿಯಿಂದ.

“ಇರಲಿ ಬಿಡವ್ವ, ನಿನಗ್ಯಾಕ ತ್ರಾಸು. ಮನಿಗಿ ಹ್ವಾದ ಮ್ಯಾಲ ಕಸ್ತೂರಿ ಕಟ್ಟತಾಳ.”